ನಾಯಿಯ ಆಹಾರದಲ್ಲಿ ಮಾಂಸಜನಕದ ಸ್ಥಾನ

(ಗ್ರಾಮಸ್ಥರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಉಳುವ ಎತ್ತಿಗೆ ಹಿಂಡಿ ಎಷ್ಟು ಬೇಕು, ಕರೆಯುವ ಹಸುವಿಗೆ ಹತ್ತಿಕಾಳು ಎಷ್ಟು ಬೇಕು ಎಂಬುದನ್ನು ಒಕ್ಕಲುಮನೆಯ ಹತ್ತು ವರ್ಷದ ಹುಡುಗನೂ ಹೇಳಬಲ್ಲನು. ಅದೇ ಮನೆಯ ಬಾಗಿಲಲ್ಲಿ ಮಲಗಿರುವ ನಾಯಿಗೆ ಏನು ಹಾಕುವಿರಿ ಎಂದು ಕೇಳಿದರೆ ‘ಉಳಿದದ್ದು’ ಎಂಬ ಒಂದೇ ಮಾತಿನ ಉತ್ತರ ಬರುತ್ತದೆ. ಉಳಿದದ್ದು ಎಂದರೆ ಬಹುಮಟ್ಟಿಗೆ ತಂಗಳು ಮುದ್ದೆ, ಅನ್ನದ ತಳ, ಗಂಜಿಯ ತಿಳಿ. ಏನೂ ಉಳಿಯದ ದಿನ ನಾಯಿಗೂ ಏನೂ ಇಲ್ಲ. ಕಣದಲ್ಲಿ ರಾಶಿ ಬಿದ್ದಿರುವಾಗ ರಾತ್ರಿಯೆಲ್ಲಾ ಎಚ್ಚರವಾಗಿದ್ದು ಕಾಯುವುದೂ, ಕುರಿಯ ಹಟ್ಟಿಯ ಬಳಿ ತೋಳನ ಸುಳಿವನ್ನು ಎಲ್ಲರಿಗಿಂತ ಮೊದಲು ಅರಿಯುವುದೂ, ಕಬ್ಬಿನ ಗದ್ದೆಗೆ ನುಗ್ಗುವ ಹಂದಿಯನ್ನು ಕಂಡು ಬೊಗಳಿ ಎಬ್ಬಿಸುವುದೂ ಆ ನಾಯಿಯೇ. ಸಂಬಳವಿಲ್ಲದ ಈ ಕಾವಲುಗಾರನ ಊಟಕ್ಕೆ ಲೆಕ್ಕವೇ ಇಲ್ಲದಿರುವುದು ಒಕ್ಕಲುತನದ ಲೆಕ್ಕದಲ್ಲಿಯೇ ಒಂದು ಕೊರತೆಯೆಂದು ಹೇಳಬೇಕು.

ಹೊಟ್ಟೆ ತುಂಬಿದರೆ ಸಾಲದೆ, ಮುದ್ದೆಯಲ್ಲಿ ಶಕ್ತಿಯಿಲ್ಲವೆ, ಎಂದು ಯಾರಾದರೂ ಕೇಳಬಹುದು. ಶಕ್ತಿಯೇನೋ ಉಂಟು. ಆದರೆ ದೇಹಕ್ಕೆ ಶಕ್ತಿ ಬೇರೆ, ದೇಹವನ್ನು ಕಟ್ಟುವ ಸಾಮಗ್ರಿ ಬೇರೆ. ಗಾಡಿಯನ್ನು ಎಳೆಯುವುದಕ್ಕೆ ಎತ್ತು ಬೇಕು, ಗಾಡಿಯನ್ನು ಮಾಡುವುದಕ್ಕೆ ಮರ ಬೇಕು. ಎಷ್ಟೇ ಜೊತೆ ಎತ್ತುಗಳನ್ನು ಕಟ್ಟಿದರೂ ಮುರಿದ ಅಚ್ಚು ತಾನಾಗಿ ಕೂಡಿಕೊಳ್ಳುವುದಿಲ್ಲವಷ್ಟೆ. ರಾಗಿ, ಅಕ್ಕಿ, ಜೋಳಗಳಲ್ಲಿ ಹೆಚ್ಚಾಗಿರುವ ಪಿಷ್ಟವೂ ಎಣ್ಣೆ ಬೆಣ್ಣೆಗಳ ಜಿಡ್ಡೂ ಕೆಲಸಕ್ಕೆ ಬೇಕಾದ ಶಾಖವನ್ನೂ ಬಲವನ್ನೂ ಒದಗಿಸುವುವು. ಮಾಂಸಖಂಡ, ರಕ್ತ, ಚರ್ಮ, ಕೂದಲು, ಉಗುರು, ತಾಯಿಯ ಹಾಲು, ರೋಗವನ್ನು ಎದುರಿಸುವ ರಸಗಳು, ಇವೆಲ್ಲವೂ ಕಟ್ಟಲ್ಪಡುವುದು ಮಾಂಸಜನಕದಿಂದ. ಇದನ್ನೇ ಸಸಾರಜನಕವೆಂದೂ ಪ್ರೋಟೀನೆಂದೂ ಕರೆಯುವರು. ೧೮೩೮ರಲ್ಲಿ ಹಾಲೆಂಡಿನ ಮುಲ್ಡರ್ ಎಂಬ ರಸಾಯನಶಾಸ್ತ್ರಜ್ಞನು, ಸ್ವೀಡನ್ನಿನ ಬರ್ಜೀಲಿಯಸನ ಸೂಚನೆಯಂತೆ, ‘ಮೊದಲನೆಯದು’ ಎಂಬ ಅರ್ಥ ಕೊಡುವ ಗ್ರೀಕ್ ಮಾತಿನಿಂದ ಈ ಹೆಸರನ್ನು ಬಳಕೆಗೆ ತಂದನು. ಕನ್ನಡದಲ್ಲಿ ಮಾಂಸಜನಕವೆಂಬ ಹೆಸರನ್ನು ಕೇಳಿ ಇದು ಮಾಂಸದಲ್ಲಿ ಮಾತ್ರ ಇರುವುದೆಂದು ತಿಳಿಯಬಾರದು. ಮಾಂಸವನ್ನು ಹುಟ್ಟಿಸುವುದು ಎಂಬುದೇ ಅದರ ಅರ್ಥ. ಹಾಲಿನಲ್ಲಿಯೂ ಹುರುಳಿಯಲ್ಲಿಯೂ ಅದು ಧಾರಾಳವಾಗಿದೆ.

ಈ ಪದಾರ್ಥವಿಲ್ಲದೆ ಪ್ರಾಣಿಯು ಬದುಕಲಾರದೆಂಬುದು ಲೋಕಕ್ಕೆ ತಿಳಿದದ್ದೇ ನಾಯಿಯಿಂದ. ಫ್ರಾನ್ಸಿನ ಮಜಾಂಡಿ ಎಂಬ ವೈದ್ಯನು ೧೮೧೬ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ನಾಯಿಗಳಿಗೆ ಬರಿಯ ಸಕ್ಕರೆಯನ್ನೂ ಶುದ್ಧವಾದ ನೀರನ್ನೂ ಕೊಟ್ಟು ನೋಡಿದನು. ಮೊದಲ ವಾರ ಅವು ಲವಲವಿಕೆಯಿಂದಲೇ ಇದ್ದುವು. ಆಮೇಲೆ ಸೊರಗಿದುವು, ಕಣ್ಣುಗಳಲ್ಲಿ ಹುಣ್ಣುಗಳೆದ್ದುವು, ತಿಂಗಳೊಪ್ಪತ್ತಿನಲ್ಲಿ ಸತ್ತುವು. ಹೊಟ್ಟೆಗೆ ಇಲ್ಲದೆ ಸತ್ತುವೆನ್ನುವಂತಿಲ್ಲ, ತಿನ್ನಲು ಸಕ್ಕರೆಯಿತ್ತು. ಮೂಳೆ ಚರ್ಮಗಳನ್ನು ಕುದಿಸಿ ತೆಗೆದ ಅಂಟನ್ನೇ ಬಡವರಿಗೆ ಮಾಂಸದ ಬದಲು ಕೊಡಬಹುದೆ ಎಂದು ಅದೇ ದೇಶದಲ್ಲಿ ಅನೇಕ ವರ್ಷ ವಿಚಾರ ನಡೆದು, ನಾಯಿಗಳ ಮೇಲೆಯೇ ಮತ್ತೆ ಪರೀಕ್ಷೆಯಾಯಿತು. ಅಂಟು ಮಾಂಸಜನಕವೇ ಆದರೂ ಅದೊಂದರಿಂದಲೇ ನಾಯಿಗಳು ಬದುಕಲಿಲ್ಲ. ಈ ಫಲಿತಾಂಶಕ್ಕೆ ಕಾರಣವು ಬಹುಕಾಲದ ಮೇಲೆ ತಿಳಿದುಬಂದಿತು. ಮನುಷ್ಯರ ಹಿತಕ್ಕಾಗಿ ಎಷ್ಟೋ ನಾಯಿಗಳು ಹೀಗೆ ಪ್ರಾಣ ಕೊಟ್ಟಿರುವಾಗ, ಆ ಜ್ಞಾನದಲ್ಲಿ ಒಂದು ಪಾಲಾದರೂ ನಾಯಿಯ ತಟ್ಟೆಗೆ ಹಿಂದಿರುಗುವುದು ನ್ಯಾಯವೇ ಆಗಿದೆ.

ಕಾರಣವೇನೆಂದರೆ, ಮಾಂಸಜನಕವೆಂಬುದು ಒಂದೇ ವಸ್ತುವಲ್ಲ. ಅಮೈನೋ ಆಮ್ಲಗಳೆಂಬ ಸುಮಾರು ಇಪ್ಪತ್ತು ಬಗೆಯ ಚಿಕ್ಕ ಚಿಕ್ಕ ಭಾಗಗಳು ಬೇರೆ ಬೇರೆ ಕ್ರಮದಲ್ಲಿ ಜೋಡಿಸಲ್ಪಟ್ಟು ಅದು ಆಗಿದೆ. ಇವುಗಳಲ್ಲಿ ಹತ್ತನ್ನು ನಾಯಿಯ ದೇಹವು ತಾನೇ ಬೇಕಾದಷ್ಟು ಮಾಡಿಕೊಳ್ಳಲಾರದು; ಅವು ಆಹಾರದಿಂದಲೇ ಬರತಕ್ಕದ್ದು. ಬಡಗಿಯು ಚಕ್ರವನ್ನು ಕೂಡಿಸುವಾಗ ಹನ್ನೆರಡು ಅರಗಳು ಬೇಕಾಗಿದ್ದು ಹನ್ನೊಂದೇ ಇದ್ದರೆ, ಗುಂಬವೂ ಪಟ್ಟಿಯೂ ಎಷ್ಟಿದ್ದರೇನು, ಚಕ್ರವಾಗುವುದಿಲ್ಲ. ಹಾಗೆಯೇ ಹತ್ತರಲ್ಲಿ ಒಂದು ಕೊರತೆಯಾದರೆ ಉಳಿದ ಒಂಬತ್ತೂ ಕಟ್ಟಡಕ್ಕೆ ಬಾರದೆ ಸೌದೆಯಂತೆ ಉರಿದುಹೋಗುವುವು. ಅಂಟಿನಲ್ಲಿ ಟ್ರಿಪ್ಟೋಫೇನ್ ಎಂಬ ಒಂದು ಆಮ್ಲವು ಇಲ್ಲವೇ ಇಲ್ಲ. ರಾಗಿ, ಅಕ್ಕಿ, ಜೋಳ, ಗೋಧಿಗಳಲ್ಲಿ ಲೈಸೀನ್ ಎಂಬುದು ಕಡಿಮೆ. ತೊಗರಿ, ಹುರುಳಿ, ಅವರೆ ಮೊದಲಾದ ದ್ವಿದಳ ಧಾನ್ಯಗಳಲ್ಲಿ ಲೈಸೀನ್ ಹೇರಳ, ಮೆಥಿಯೊನೀನ್ ಎಂಬುದು ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆಗೆ ಹುರುಳಿಯ ಸಾರು, ಅನ್ನಕ್ಕೆ ತೊಗರಿಯ ಹುಳಿ ಎಂದು ಹಿರಿಯರು ಜೋಡಿಸಿದ್ದು ಯಾವ ಪ್ರಯೋಗಶಾಲೆಯ ಅಪ್ಪಣೆಯಿಂದಲೂ ಅಲ್ಲ, ಆದರೂ ಆ ಜೋಡಣೆಯು ಸರಿಯಾದದ್ದೇ. ನಾಯಿಯ ಪಾಲಿಗೆ ಮಾತ್ರ ಮುದ್ದೆ ಬಂದು ಸಾರಿನ ಕಾಳು ಒಳಗೇ ಉಳಿಯುತ್ತದೆ. ಮೊಟ್ಟೆ, ಹಾಲು, ಮೀನು, ಮಾಂಸಗಳಲ್ಲಿ ಹತ್ತೂ ಆಮ್ಲಗಳು ತಕ್ಕ ಪ್ರಮಾಣದಲ್ಲಿ ಇರುವುದರಿಂದ ಅವು ಮೇಲು ತರಗತಿಯ ಮಾಂಸಜನಕಗಳೆನಿಸಿವೆ.

ಹಾಗಾದರೆ ನಾಯಿಗೆ ಮಾಂಸವೇ ಬೇಕೆ? ಬೆಕ್ಕಿಗೆ ಬೇಕು; ಟಾರೀನ್ ಎಂಬ ಪದಾರ್ಥವನ್ನು ಬೆಕ್ಕು ತಾನೇ ಬೇಕಾದಷ್ಟು ಮಾಡಿಕೊಳ್ಳಲಾರದು. ನಾಯಿಯ ಸ್ಥಿತಿ ಬೇರೆ. ತೋಳನ ಕುಲದಿಂದ ಬಂದರೂ ಅದು ಸಾವಿರಾರು ವರ್ಷಗಳಿಂದ ಮನುಷ್ಯನ ಧಾನ್ಯವನ್ನು ಹಂಚಿಕೊಂಡು ತಿಂದಿದೆ. ೨೦೧೩ರಲ್ಲಿ ಪ್ರಕಟವಾದ ಸ್ವೀಡನ್ನಿನ ವಿದ್ವಾಂಸರ ಸಂಶೋಧನೆಯಲ್ಲಿ, ಪಿಷ್ಟವನ್ನು ಜೀರ್ಣಿಸುವ ರಸಕ್ಕೆ ಸಂಬಂಧಿಸಿದ ವಂಶಾಂಶವು ತೋಳನಲ್ಲಿ ಎರಡೇ ಪ್ರತಿಗಳಿದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇರುವುದಾಗಿ ಕಂಡುಬಂದಿತು. ಆದುದರಿಂದ ಮುದ್ದೆಯನ್ನು ತಿಂದು ಅರಗಿಸಿಕೊಳ್ಳುವ ಯೋಗ್ಯತೆ ಅದಕ್ಕೆ ಉಂಟು. ಮಾಂಸವನ್ನು ಮುಟ್ಟದ ಮನೆಗಳಲ್ಲಿಯೂ ಹಾಲು, ಮೊಸರು, ಬೇಳೆಗಳಿಂದ ನಾಯಿಯನ್ನು ಸಾಕಬಹುದು. ಮುದ್ದೆಯೊಂದರಿಂದಲೇ ಸಾಕಬಹುದೆಂಬುದು ಮಾತ್ರ ತಪ್ಪು.

ಎಷ್ಟು ಬೇಕೆಂಬುದನ್ನು ಈಗ ನೋಡಬಹುದು. ಅಮೆರಿಕಾದ ಪಶ್ವಾಹಾರ ನಿಯಂತ್ರಣಾಧಿಕಾರಿಗಳ ಸಂಘವು ಗೊತ್ತುಮಾಡಿರುವಂತೆ, ನೀರಿನ ಅಂಶವನ್ನು ಕಳೆದ ನೂರು ಭಾಗ ಆಹಾರದಲ್ಲಿ ಬೆಳೆದ ನಾಯಿಗೆ ಕನಿಷ್ಠ ೧೮ ಭಾಗವೂ, ಬೆಳೆಯುವ ಮರಿಗೂ ಗಬ್ಬದ ಅಥವಾ ಹಾಲೂಡುವ ಹೆಣ್ಣುನಾಯಿಗೂ ೨೨.೫ ಭಾಗವೂ ಮಾಂಸಜನಕವಿರತಕ್ಕದ್ದು. ರಾಗಿಯಲ್ಲಿ ಇದೇ ಲೆಕ್ಕದಿಂದ ಸುಮಾರು ೮ ಭಾಗವಿದೆ. ಕೊರತೆಯು ಎಷ್ಟೆಂಬುದನ್ನು ಬಾಯಿಲೆಕ್ಕದಲ್ಲಿಯೇ ತಿಳಿಯಬಹುದು.

ಸುಮಾರು ೧೫ ಕಿಲೋಗ್ರಾಂ ತೂಕದ, ರಾತ್ರಿ ಕಾವಲು ತಿರುಗುವ ಒಂದು ಊರನಾಯಿಯನ್ನು ತೆಗೆದುಕೊಳ್ಳೋಣ. ಅದರ ಶಕ್ತಿಗೆ ದಿನಕ್ಕೆ ೩೦೦ ಗ್ರಾಂ ರಾಗಿಹಿಟ್ಟಿನ ಮುದ್ದೆ ಸಾಕಾಗಬಹುದು. ಆದರೆ ಅದರಿಂದ ದೊರೆಯುವ ಮಾಂಸಜನಕವು ೨೧ ಗ್ರಾಂ ಮಾತ್ರ. ಅದೂ ಲೈಸೀನ್ ಕೊರತೆಯುಳ್ಳದ್ದು. ಇದಕ್ಕೆ ಬದಲಾಗಿ ರಾಗಿಯನ್ನು ೧೫೦ ಗ್ರಾಮಿಗೆ ಇಳಿಸಿ, ೭೫ ಗ್ರಾಂ ಹುರುಳಿಯನ್ನು ಮೆತ್ತಗೆ ಬೇಯಿಸಿ ಕಿವುಚಿ ಸೇರಿಸಿ, ಎರಡು ಬೆಂದ ಮೊಟ್ಟೆಗಳನ್ನೂ ಕಾಲು ಲೀಟರ್ ಹಾಲನ್ನೂ ಕೊಟ್ಟರೆ, ರಾಗಿಯಿಂದ ೧೧, ಹುರುಳಿಯಿಂದ ೧೬, ಮೊಟ್ಟೆಯಿಂದ ೧೨, ಹಾಲಿನಿಂದ ೮, ಒಟ್ಟು ೪೭ ಗ್ರಾಂ ಮಾಂಸಜನಕ ದೊರೆಯುತ್ತದೆ. ಶಕ್ತಿಗೆ ಕೊರತೆಯಿಲ್ಲ, ನೂರಕ್ಕೆ ೧೮ರ ಮಟ್ಟವೂ ತಲಪುತ್ತದೆ. ಮೊಟ್ಟೆ ಬಳಸದ ಮನೆಯವರು ಆ ಸ್ಥಾನದಲ್ಲಿ ಇನ್ನು ೪೦೦ ಮಿಲಿಲೀಟರಿನಷ್ಟು ಹಾಲನ್ನಾಗಲಿ ಗಟ್ಟಿ ಮೊಸರನ್ನಾಗಲಿ ಕೊಟ್ಟು, ಮುದ್ದೆಯನ್ನು ಸ್ವಲ್ಪ ತಗ್ಗಿಸಬಹುದು. ಬೆಳೆದ ಕೆಲವು ನಾಯಿಗಳಿಗೆ ಹಸಿಹಾಲಿನಿಂದ ಭೇದಿಯಾಗುವುದುಂಟು. ಅಂಥವಕ್ಕೆ ಮೊಸರೇ ಒಳ್ಳೆಯದು. ನೀರು ಬೆರೆಸಿದ ಮಜ್ಜಿಗೆಯನ್ನು ಹಾಲಿನ ಲೆಕ್ಕದಲ್ಲಿ ಹಿಡಿಯುವುದು ಕೂಡದು. ಎರಡು ಮೊಟ್ಟೆ ಕಾಲು ಲೀಟರ್ ಹಾಲು ನಾಯಿಗೆಲ್ಲಿಂದ ತರುವುದು ಎಂಬ ಬಡ ಹಿಡುವಳಿದಾರನ ಪ್ರಶ್ನೆಯೂ ನ್ಯಾಯವಾದದ್ದೇ. ಆತನು ಬೇರೇನೂ ಮಾಡಲಾಗದಿದ್ದರೂ ಮುದ್ದೆಯಲ್ಲಿ ಮೂರನೆಯ ಒಂದು ಭಾಗವನ್ನು ತೆಗೆದು ಅಷ್ಟು ಹುರುಳಿಯನ್ನು ಬೇಯಿಸಿ ಹಾಕಿದರೆ ಅರ್ಧ ಕೆಲಸವಾದಂತೆಯೇ.

ಹುರುಳಿಯನ್ನಾಗಲಿ ಬೇರೆ ಯಾವ ಕಾಳನ್ನಾಗಲಿ ಹಸಿಯದಾಗಿ, ಅಥವಾ ಅರೆಬೆಂದದ್ದಾಗಿ ಕೊಡಬಾರದು. ಹಸಿಯ ಕಾಳಿನಲ್ಲಿ ಮಾಂಸಜನಕದ ಜೀರ್ಣವನ್ನು ತಡೆಯುವ ಅಂಶಗಳಿವೆ. ಚೆನ್ನಾಗಿ ಬೆಂದರೆ ಅವು ಅಳಿಯುವುವು. ಮನೆಯ ಸಾರನ್ನೇ ಸುರಿಯುವುದು ಸುಲಭವಾದರೂ ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿಗಳಿರುತ್ತವೆ. ಇವೆರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯತಕ್ಕ ವಿಷಗಳು. ಒಗ್ಗರಣೆಗೆ ಮುಂಚೆ ಒಂದು ಸೌಟು ಬೆಂದ ಕಾಳನ್ನು ಬೇರೆ ತೆಗೆದಿಡುವುದು ಗೃಹಿಣಿಗೆ ಹೊರೆಯಾಗಲಾರದು.

ನಾಯಿಗೆ ಮಾಂಸಜನಕ ಸಾಲದೆಂಬುದನ್ನು ಹೇಗೆ ತಿಳಿಯುವುದು? ಮೊದಲು ಕೂದಲನ್ನು ನೋಡಬೇಕು. ಕೂದಲು ಬಹುಪಾಲು ಮಾಂಸಜನಕವೇ ಆಗಿರುವುದರಿಂದ, ದೇಹಕ್ಕೆ ದೊರೆತುದರಲ್ಲಿ ದೊಡ್ಡ ಪಾಲು ಚರ್ಮ ಕೂದಲುಗಳಿಗೇ ಸಲ್ಲುತ್ತದೆ. ಕೊರತೆ ಬಂದಾಗ ದೇಹವು ಒಳಗಿನ ಅಂಗಗಳನ್ನು ಉಳಿಸಿಕೊಂಡು ಹೊರಗಿನದನ್ನು ಕೈಬಿಡುವುದು. ಕೂದಲು ಹೊಳಪುಗೆಟ್ಟು ಒರಟಾಗಿ ಸುಲಭವಾಗಿ ಕಿತ್ತುಬರುತ್ತದೆ. ತೊಡೆ ಬೆನ್ನುಗಳ ಮಾಂಸ ಇಳಿಯುತ್ತದೆ, ಗಾಯಗಳು ಬೇಗ ಮಾಯುವುದಿಲ್ಲ. ಮರಿಗಳಲ್ಲಿ ಬೆಳವಣಿಗೆ ನಿಂತು ಹೊಟ್ಟೆ ಮಾತ್ರ ಗುಡಾಣದಂತಾಗುವುದು. ಆದರೆ ಹೊಟ್ಟೆ ಊದಿದ ಮರಿಯನ್ನು ಕಂಡೊಡನೆ ಆಹಾರವನ್ನೇ ದೂರಬೇಕಾಗಿಲ್ಲ. ಬಹುಸಲ ಅದು ಹೊಟ್ಟೆಯ ಹುಳುಗಳ ಕೆಲಸ. ಕೊಕ್ಕೆಹುಳುಗಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವುವು. ಹುಳುವಿರುವ ಮರಿಗೆ ಹಾಕಿದ ಮೊಟ್ಟೆಯು ತೂತುಕೊಡಕ್ಕೆ ಸೇದಿದ ನೀರಿನಂತೆ. ಮೊದಲು ಪಶುವೈದ್ಯರಿಂದ ಹುಳುವಿನ ಔಷಧವನ್ನು ಕೊಡಿಸಿ ಆಮೇಲೆ ಆಹಾರವನ್ನು ಹೆಚ್ಚಿಸುವುದೇ ಕ್ರಮ.

ಮುಸುಕಿನ ಜೋಳವನ್ನೇ ಹೆಚ್ಚಾಗಿ ಹಾಕುವ ಕಡೆ ಇನ್ನೊಂದು ಅಪಾಯವಿದೆ. ಅಮೆರಿಕಾದ ದಕ್ಷಿಣ ಭಾಗದಲ್ಲಿ ಜೋಳವನ್ನೇ ತಿಂದ ಬಡಜನರಿಗೆ ಪೆಲ್ಲಾಗ್ರವೆಂಬ ಚರ್ಮರೋಗವೂ, ಅಂಥದೇ ಆಹಾರದ ನಾಯಿಗಳಿಗೆ ‘ಕರಿನಾಲಗೆ’ ಎಂಬ ರೋಗವೂ ಬರುತ್ತಿದ್ದುವು. ೧೯೩೭ರಲ್ಲಿ ಎಲ್ವೆಜಮ್ ಎಂಬ ವಿದ್ವಾಂಸನು ನಿಕೊಟಿನಿಕ್ ಆಮ್ಲವೆಂಬ ಜೀವಸತ್ವದಿಂದ ನಾಯಿಗಳ ಕರಿನಾಲಗೆ ವಾಸಿಯಾಗುವುದನ್ನು ತೋರಿಸಿಕೊಟ್ಟನು. ಅದೇ ಔಷಧದಿಂದ ಮನುಷ್ಯರೂ ಬದುಕಿದರು. ಮೇಲೆ ಹೇಳಿದ ಟ್ರಿಪ್ಟೋಫೇನಿನಿಂದ ದೇಹವು ಈ ಸತ್ವವನ್ನು ಸ್ವಲ್ಪಮಟ್ಟಿಗೆ ತಾನೇ ಮಾಡಿಕೊಳ್ಳಬಲ್ಲದು. ಜೋಳದಲ್ಲಿ ಎರಡೂ ಸಾಲದಾಗಿ ರೋಗಕ್ಕೆ ದಾರಿಯಾಗುತ್ತಿತ್ತು.

ಮರಿಗಳ ವಿಚಾರದಲ್ಲಿ ಒಂದು ತಪ್ಪು ಎಲ್ಲೆಲ್ಲಿಯೂ ಕಾಣುತ್ತದೆ. ತಾಯಿ ಸತ್ತ ಮರಿಗಳಿಗೆ ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸುವರು. ಎಳೆಯ ಹೊಟ್ಟೆಗೆ ಗಟ್ಟಿಹಾಲು ಒಗ್ಗದೆಂಬ ಭಾವನೆಯೇ ಇದಕ್ಕೆ ಕಾರಣ. ನಿಜವು ಇದಕ್ಕೆ ವಿರುದ್ಧ. ನಾಯಿಯ ಹಾಲಿನಲ್ಲಿರುವ ಮಾಂಸಜನಕವು ಹಸುವಿನ ಹಾಲಿನದಕ್ಕಿಂತ ಸುಮಾರು ಎರಡರಷ್ಟು, ಜಿಡ್ಡೂ ಎರಡರಷ್ಟು. ಅಂಥ ಹಾಲಿನ ಸ್ಥಾನದಲ್ಲಿ ನೀರುಹಾಲನ್ನು ಕುಡಿದ ಮರಿ ಹೊಟ್ಟೆ ಬಿರಿಯ ಕುಡಿದೂ ಸೊರಗುತ್ತದೆ. ಪಶುವೈದ್ಯರ ಸಲಹೆಯಂತೆ ಮರಿಗಳಿಗೆಂದೇ ಮಾಡಿದ ಹಾಲಿನಪುಡಿ ದೊರೆತರೆ ಉತ್ತಮ. ಅದಿಲ್ಲದ ಊರಿನಲ್ಲಿ ನೀರು ಸೋಕದ ಹಾಲಿಗೆ ಮೊಟ್ಟೆಯ ಹಳದಿಯನ್ನು ಕಲಸಿ, ಉಗುರುಬೆಚ್ಚಗೆ, ಸ್ವಲ್ಪಸ್ವಲ್ಪವಾಗಿ ಅನೇಕ ಸಲ ಕೊಡಬೇಕು. ತಾಯಿಯಿರುವ ಮರಿಗಳು ಮೂರು ನಾಲ್ಕು ವಾರಗಳಲ್ಲಿ ಮೆತ್ತನೆಯ ಆಹಾರವನ್ನು ನೆಕ್ಕಲು ಮೊದಲುಮಾಡುವುವು. ಆಗಿನಿಂದ ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ ಊಟವಿರಬೇಕು. ಆರು ಮರಿಗಳಿಗೆ ಹಾಲೂಡುವ ತಾಯಿಗೆ ಮಾಮೂಲಿನ ಎರಡು ಮೂರರಷ್ಟು ಆಹಾರ ಬೇಕಾಗುವುದು. ಅದನ್ನು ಕೊಡದಿದ್ದರೆ ಅದು ತನ್ನ ಮೈಯ ಮಾಂಸವನ್ನೇ ಕರಗಿಸಿ ಹಾಲುಮಾಡುತ್ತದೆ. ಮರಿ ಹಾಕಿದ ನಾಯಿಗಳ ಪಕ್ಕೆಲುಬುಗಳನ್ನು ಯಾವ ಬೀದಿಯಲ್ಲಿಯಾದರೂ ಎಣಿಸಬಹುದು.

ಮುಧೋಳದ ಬೇಟೆನಾಯಿಯ ಹೆಸರನ್ನು ಕೇಳದವರಿಲ್ಲ. ಆ ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಒಂದು ಜೊತೆ ನಾಯಿಗಳನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿತ್ತರು. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆಯವರು ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದರು. ಕಡ್ಡಿಯಂತೆ ತೆಳ್ಳಗಿರುವ ಈ ನಾಯಿಯನ್ನು ಕಂಡು, ತೆಳ್ಳಗಿರಲೆಂದೇ ಕಡಿಮೆ ಹಾಕಬೇಕೆಂದು ಭ್ರಮಿಸುವವರುಂಟು. ಸೊಂಟ ಸಣ್ಣಗಿರುವುದು ಅದರ ಜಾತಿಗುಣ. ಓಟವು ತೊಡೆಯ ಮಾಂಸಖಂಡದಿಂದ ಬರುವುದು, ಮಾಂಸಖಂಡವು ಆಹಾರದಿಂದ. ಜೋಳದ ನಾಡಾದ ಆ ಸೀಮೆಯಲ್ಲಿ ರೊಟ್ಟಿಯೊಡನೆ ಹಾಲನ್ನು ಹಾಕಿ ಸಾಕುವುದುಂಟು. ಜೋಳದ ಲೈಸೀನ್ ಕೊರತೆಯನ್ನು ಹಾಲು ತುಂಬುವುದರಿಂದ ಅದು ಒಳ್ಳೆಯ ವಾಡಿಕೆ.

ಮಾಂಸ ಹಾಕಿದರೆ ನಾಯಿಯು ಕ್ರೂರವಾಗುತ್ತದೆಂದು ಕೆಲವರು, ಹಾಕಿದಷ್ಟೂ ಬಲವೆಂದು ಮತ್ತೆ ಕೆಲವರು ಹೇಳುವರು. ಕ್ರೌರ್ಯವು ಸಾಕಿದ ರೀತಿಯಿಂದಲೂ ಹಗಲೆಲ್ಲಾ ಮೋಟು ಸರಪಳಿಯಲ್ಲಿ ಕಟ್ಟಿಹಾಕುವುದರಿಂದಲೂ ಬರುವುದೇ ಹೊರತು ಬೆಂದ ಮಾಂಸದ ತುಂಡಿನಿಂದಲ್ಲ. ಬಲದ ವಿಚಾರವೂ ಅರ್ಧಸತ್ಯ. ಹೆಚ್ಚಾದ ಮಾಂಸಜನಕವನ್ನು ದೇಹವು ಕಣಜದಲ್ಲಿಟ್ಟಂತೆ ಕೂಡಿಡಲಾರದು. ಅದರ ಸಾರಜನಕವನ್ನು ಯಕೃತ್ತು ಬೇರ್ಪಡಿಸಿ ಮೂತ್ರದಲ್ಲಿ ಹೊರಗೆ ಹಾಕಿ, ಉಳಿದುದನ್ನು ಉರುವಲಾಗಿ ಬಳಸುತ್ತದೆ. ಆರೋಗ್ಯವಾಗಿರುವ ನಾಯಿಯ ಮೂತ್ರಪಿಂಡಗಳು ಇದರಿಂದ ಕೆಡುವುದಿಲ್ಲ; ಹಣ ಮಾತ್ರ ವ್ಯರ್ಥವಾಗುವುದು. ಮೂತ್ರಪಿಂಡಗಳು ಮೊದಲೇ ಕೆಟ್ಟಿರುವ ನಾಯಿಗೆ ಎಷ್ಟು ಕೊಡಬೇಕೆಂಬುದನ್ನು ಪಶುವೈದ್ಯರೇ ಹೇಳಬೇಕು. ಬರಿಯ ಮಾಂಸವನ್ನೇ ತಿಂದು ಬೆಳೆದ ಮರಿಯ ಮೂಳೆಗಳು ಸುಣ್ಣದ ಕೊರತೆಯಿಂದ ಬಾಗಿ ಮುರಿಯುವುದುಂಟು. ಸುಣ್ಣದ ಅಂಶದಲ್ಲಿ ರಾಗಿಯು ಧಾನ್ಯಗಳಿಗೆಲ್ಲ ಮೇಲು. ಮುದ್ದೆಯನ್ನು ಪೂರ್ತಿ ಬಿಡಬಾರದೆಂಬುದಕ್ಕೆ ಇದೊಂದು ಕಾರಣ. ಬೆಂದ ಮೂಳೆಗಳನ್ನು, ಅದರಲ್ಲಿಯೂ ಕೋಳಿಯದನ್ನು, ಹಾಕಲೇ ಕೂಡದು. ಅವು ಸೀಳಾಗಿ ಒಡೆದು ಕರುಳನ್ನು ಚುಚ್ಚುವುವು.

ಕಡಲೆಕಾಯಿ ಹಿಂಡಿಯಲ್ಲಿ ಮಾಂಸಜನಕವು ಸಮೃದ್ಧವಾಗಿದೆಯೆಂದು ದನಕ್ಕೆ ತಂದದ್ದರಲ್ಲಿ ಸ್ವಲ್ಪವನ್ನು ನಾಯಿಗೂ ಹಾಕಲು ಮನಸ್ಸಾಗಬಹುದು. ಬೂಷ್ಟು ಹಿಡಿದ ಹಿಂಡಿಯಲ್ಲಿಯೂ ಕಾಳಿನಲ್ಲಿಯೂ ಅಫ್ಲಟಾಕ್ಸಿನ್ ಎಂಬ ವಿಷವು ಹುಟ್ಟಿ ಯಕೃತ್ತನ್ನು ಕೆಡಿಸುತ್ತದೆ; ಕುದಿಸಿದರೂ ಅದು ಹೋಗದು. ೧೯೭೪ರ ಕೊನೆಯಲ್ಲಿ ರಾಜಸ್ಥಾನ ಗುಜರಾತುಗಳ ಗಡಿಭಾಗದ ಹಳ್ಳಿಗಳಲ್ಲಿ, ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದು ಕಾಮಾಲೆಯಿಂದ ನೂರಕ್ಕೂ ಹೆಚ್ಚು ಜನರು ಸತ್ತರು. ಆ ಹಳ್ಳಿಗಳಲ್ಲಿ ಮನುಷ್ಯರಿಗಿಂತ ಮೊದಲು ಅದೇ ಲಕ್ಷಣಗಳಿಂದ ಬಿದ್ದುದು ಅದೇ ಧಾನ್ಯವನ್ನು ತಿಂದ ಮನೆಯ ನಾಯಿಗಳು. ನಾಯಿಗೆ ತಾನೆ, ಹಾಕಿದರಾಯಿತು ಎಂದು ಬೂಷ್ಟುಕಾಳನ್ನು ಬೇಯಿಸುವವರು ಇದನ್ನು ನೆನಪಿಡಬೇಕು.

ಕೊನೆಗೆ, ಅತ್ಯಂತ ಅಗ್ಗದ ಮಾಂಸಜನಕದ ಮಾತು. ಇಲ್ಲಿ ಊರಿನ ಮುಖಂಡರಿಗೂ ಪಂಚಾಯಿತಿಗೂ ಕೆಲಸವಿದೆ. ಕುರಿ ಕೊಯ್ದ ಕಡೆ ಬಿಸಾಡುವ ಶ್ವಾಸಕೋಶ, ಯಕೃತ್ತಿನ ತುಂಡು, ಗುಲ್ಮಗಳಲ್ಲಿ ಮೇಲು ತರಗತಿಯ ಮಾಂಸಜನಕವಿದೆ. ಊರನಾಯಿಗಳು ಅವನ್ನು ಹಸಿಯದಾಗಿಯೇ ಕಚ್ಚಿ ಎಳೆದಾಡುವುದನ್ನು ಹಬ್ಬದ ಮರುದಿನ ಎಲ್ಲಿಯಾದರೂ ನೋಡಬಹುದು. ಆ ಅಂಗಗಳಲ್ಲಿ ಕೆಲವು ಸಲ ನೀರು ತುಂಬಿದ ಬಿಳಿಯ ಗುಳ್ಳೆಗಳಿರುತ್ತವೆ. ಅವು ಒಂದು ಲಾಡಿಹುಳುವಿನ ಮರಿಗಳ ಚೀಲಗಳು. ಅವನ್ನು ತಿಂದ ನಾಯಿಯ ಕರುಳಿನಲ್ಲಿ ಅಕ್ಕಿಕಾಳಿಗಿಂತ ದೊಡ್ಡದಲ್ಲದ ಹುಳುಗಳು ಸಾವಿರಗಟ್ಟಲೆ ಬೆಳೆದು, ಅವುಗಳ ಮೊಟ್ಟೆಗಳು ಮಲದಲ್ಲಿ ಬಿದ್ದು ಹುಲ್ಲಿಗೂ ನೀರಿಗೂ ನಾಯಿಯ ಕೂದಲಿಗೂ ಅಂಟುವುವು. ಹುಲ್ಲಿನಿಂದ ಕುರಿಗೆ, ನಾಯಿಯನ್ನು ಮುಟ್ಟಿ ಕೈತೊಳೆಯದೆ ಉಣ್ಣುವ ಮಗುವಿಗೆ ಅವು ಸೇರಿ, ಯಕೃತ್ತಿನಲ್ಲಿಯೋ ಶ್ವಾಸಕೋಶದಲ್ಲಿಯೋ ವರ್ಷಗಟ್ಟಲೆ ಬೆಳೆಯುವ ನೀರುಗಡ್ಡೆಗಳಾಗುವುವು. ಗಡ್ಡೆ ಒಳಗೇ ಒಡೆದರೆ ಪ್ರಾಣಾಪಾಯ. ಕುರಿಯ ಗುಳ್ಳೆಯನ್ನು ನಾಯಿಗೆ ತಿನ್ನಿಸಿ ಈ ಹುಳು ಹುಟ್ಟುವುದನ್ನು ಜರ್ಮನಿಯ ಜೀಬೋಲ್ಡ್ ಎಂಬುವನು ೧೮೫೦ರ ದಶಕದಲ್ಲಿಯೇ ರುಜುವಾತುಪಡಿಸಿದನು.

ಐಸ್ಲೆಂಡೆಂಬ ದ್ವೀಪವು ಕುರಿ ಸಾಕುವವರ ನಾಡು. ಅಲ್ಲಿ ಈ ರೋಗವು ಮನೆಮನೆಯ ಪೀಡೆಯಾಗಿತ್ತು. ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಎಂಬ ವಿದ್ವಾಂಸನು ೧೮೬೩ರಲ್ಲಿ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿ, ರೋಗದ ದಾರಿಯನ್ನೂ ಅದನ್ನು ತಡೆಯುವ ಉಪಾಯವನ್ನೂ ಒಂದು ಚಿಕ್ಕ ಪುಸ್ತಕದಲ್ಲಿ ಬರೆದನು. ೧೮೬೪ರಲ್ಲಿ ಅದನ್ನು ಅಚ್ಚುಮಾಡಿಸಿ ಜನರಿಗೆ ಉಚಿತವಾಗಿ ಹಂಚಲಾಯಿತು. ಆ ಜನರು ಅದನ್ನು ಓದಿದರು. ಹಸಿಯ ಅಂಗಗಳನ್ನು ನಾಯಿಗೆ ಹಾಕುವುದನ್ನು ನಿಲ್ಲಿಸಿದರು. ಮುಂದೆ ಕಾನೂನೂ ಬಂದಿತು. ಕಾಲಕ್ರಮದಲ್ಲಿ ಆ ದ್ವೀಪದಿಂದ ರೋಗವೇ ನಿರ್ಮೂಲವಾಯಿತು.

ಇಲ್ಲಿ ಮಾಡಬೇಕಾದುದೂ ಅಷ್ಟೆ. ಊರಿನಲ್ಲಿ ಕುರಿ ಕೊಯ್ಯುವ ಸ್ಥಳವನ್ನು ಒಂದೇ ಕಡೆ ಗೊತ್ತುಮಾಡಿ, ನಾಯಿ ನುಗ್ಗದಂತೆ ಬೇಲಿ ಹಾಕಿಸತಕ್ಕದ್ದು. ಗುಳ್ಳೆ ಕಂಡ ಅಂಗಗಳನ್ನು ನಾಯಿ ಕೆದರಲಾಗದಷ್ಟು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿಸಬೇಕು, ಇಲ್ಲವೆ ಸುಡಿಸಬೇಕು. ಬಯಲಿನಲ್ಲಿ ಸತ್ತ ಕುರಿ ಮೇಕೆಗಳಿಗೂ ಇದೇ ನಿಯಮ. ಗುಳ್ಳೆಯಿಲ್ಲದವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕತ್ತರಿಸಿ, ನೀರು ಕುದಿಯಲು ಮೊದಲಾದಮೇಲೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಬೇಯಿಸಿ, ಉಪ್ಪು ಖಾರಗಳಿಲ್ಲದೆ ಮುದ್ದೆಯೊಡನೆ ಕಲಸಿ ಕೊಡಬಹುದು. ಯಕೃತ್ತಿನಲ್ಲಿ ಎ ಜೀವಸತ್ವವು ಅತಿಯಾಗಿರುವುದರಿಂದ ಅದನ್ನು ವಾರಕ್ಕೆ ಒಂದೆರಡು ಸಲ, ಸಣ್ಣ ತುಂಡುಗಳಲ್ಲಿ ಮಾತ್ರ ಹಾಕತಕ್ಕದ್ದು. ಹಟ್ಟಿಯ ನಾಯಿಗಳಿಗೆ ಲಾಡಿಹುಳುವಿನ ಔಷಧವನ್ನು, ರೋಗ ಕಂಡ ಸೀಮೆಗಳಲ್ಲಿ ಆರು ವಾರಕ್ಕೊಮ್ಮೆ, ಪಶುವೈದ್ಯಶಾಲೆಯವರಿಂದ ಕೊಡಿಸಬೇಕು. ಅದೇ ದಿನ ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ವಾಯಿದೆ ಬಂದಿದೆಯೆ ಎಂಬುದನ್ನೂ ವಿಚಾರಿಸಬಹುದು. ಔಷಧ ಕೊಟ್ಟ ಎರಡು ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಆಳವಾಗಿ ಹೂಳುವುದು ಅವಶ್ಯಕ.